ಯಾವ ಬೆರಳು, ಕಾಕಾ?

ಸೇಡಂ, ಚಿತ್ತಾಪುರ, ಶಹಾಬಾದ್ ಕಡೆ ಮನೆ ಎಂದರೆ ಫರಸಿ ಕಲ್ಲು. ನೆಲಕ್ಕೆ ಫರಸಿ, ಕಟ್ಟೆಗೆ ಫರಸಿ, ಹಳೆಯ ಮನೆಗಳಲ್ಲಿ ಗೋಡೆಗೂ ಮಾಳಿಗೆಗೂ ಅದೇ. ಬ್ಯಾಸಗಿಯ ಸಂಜೆ ಕಟ್ಟೆಯ ಮೇಲೆ ಒಂದು ಕೊಡ ನೀರು ಸುರಿದು, ಕಲ್ಲು ತಂಪಾದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತವರು ಸುಮ್ಮನೆ ಏಳುವ ಪೈಕಿ ಅಲ್ಲ. ಮಾತು ತೊಗರಿ ದರದಿಂದ ಶುರುವಾಗಿ ಮದುವೆ ಸಂಬಂಧಗಳನ್ನು ಹಾಯ್ದು, ಸಿಮೆಂಟ್ ಕಾರ್ಖಾನೆಯ ಕೆಲಸದ ಸುದ್ದಿಗೆ ಬಂದು ನಿಲ್ಲುವ ಹೊತ್ತಿಗೆ ಒಳಗಿನಿಂದ ಊಟಕ್ಕೆ ಕರೆ ಬಂದಿರುತ್ತದೆ. ಆಗ ತಕರಾರು ತೆಗೆಯುವುದು ಕಾಲು. "ತಡೀರಿ, ಜುಮ್ ಹಿಡ್ದದ" ಎಂದು ಒಬ್ಬರು ಕಾಲು ಝಾಡಿಸುತ್ತಾರೆ. ಇನ್ನೊಬ್ಬರು ಕಂಬ ಹಿಡಿದು ಒಂಟಿಗಾಲಲ್ಲಿ ನಿಂತಿರುತ್ತಾರೆ.

ಯಾಕೆ ಹೀಗೆ ಎಂದರೆ ಕಟ್ಟೆಯ ಮೇಲಿನವರೆಲ್ಲರದೂ ಒಂದೇ ಉತ್ತರ: ರಕ್ತ ನಿಂತಿತ್ತು. ರಕ್ತದ ಪಾಲೂ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಒತ್ತಡಕ್ಕೆ ಸಿಕ್ಕಿ ಸುಮ್ಮನಾದದ್ದು ನರ. ಮೊಣಕಾಲಿನ ಹೊರಮಗ್ಗುಲಲ್ಲಿ, ಚಿಪ್ಪಿಗಿಂತ ಸ್ವಲ್ಪ ಕೆಳಗೆ, ಒಂದು ಗಂಟೆಲುಬು ಕೈಗೆ ಹತ್ತುತ್ತದೆ. ಓದುತ್ತಲೇ ಮುಟ್ಟಿ ನೋಡಬಹುದು. ಆ ಗಂಟಿನ ಕೆಳಗೆ ಎಲುಬನ್ನು ಬಳಸಿಕೊಂಡು ಮುಂದೆ ಬರುವ ನರಕ್ಕೆ ಪೆರೋನಿಯಲ್ ಎಂದು ಹೆಸರು. ಮೇಲೆ ತೊಗಲು, ಕೆಳಗೆ ಎಲುಬು, ನಡುವೆ ಹೇಳಿಕೊಳ್ಳುವಂಥ ಮಾಂಸವಿಲ್ಲ. ಪಾದವನ್ನು ಮೇಲಕ್ಕೆತ್ತುವ ಸ್ನಾಯುಗಳಿಗೆ ಅಪ್ಪಣೆ ಹೋಗುವುದು ಇದರ ಮೂಲಕವೇ. ಹೊಲದಲ್ಲಿ ತಾಸುಗಟ್ಟಲೆ ಕುಕ್ಕರಗಾಲಲ್ಲಿ ಕೂತು ಕಳೆ ತೆಗೆದವರಿಗೆ ಒಮ್ಮೊಮ್ಮೆ ಎದ್ದಾಗ ಪಾದವೇ ಏಳದೆ ಚಪ್ಪಲಿ ನೆಲಕ್ಕೆ ತೀಡುವುದುಂಟು. ಕಟ್ಟೆಯ ಜುಮ್ ಅಷ್ಟು ದೂರ ಹೋಗುವುದಿಲ್ಲ, ಎರಡು ನಿಮಿಷದ ಗಿರಾಕಿ.

ಒತ್ತಡ ಬಿದ್ದಾಗ ಮೊದಲು ಬಾಯಿ ಮುಚ್ಚುವುದು ಸ್ಪರ್ಶ ಮತ್ತು ಚಲನೆಯ ದಪ್ಪ ಎಳೆಗಳು. ನೋವಿನ ಸಣ್ಣ ಎಳೆಗಳು ಕಡೆಯವರೆಗೂ ಹಟ ಬಿಡುವುದಿಲ್ಲ. ಕಾಲು ಯಾರದೋ ಎನ್ನಿಸುವಾಗಲೂ ಜೋರಾಗಿ ಚಿವುಟಿದರೆ ನೋಯುವುದು ಅದಕ್ಕೇ. ಕಾಲು ಚಾಚಿದ ಮೇಲೆ ಎಚ್ಚೆತ್ತ ಎಳೆಗಳು ಹೇಳಲು ಸುದ್ದಿಯೇನೂ ಇಲ್ಲದಿದ್ದರೂ ಒಟ್ಟಿಗೇ ಕೂಗುತ್ತವೆ. ಇರುವೆ ಹರಿದಾಡಿದಂತೆ ನಮಗೆ ಅನ್ನಿಸುವುದು ಆ ಗದ್ದಲ.

ಫರಸಿಯ ಇನ್ನೊಂದು ಉಪಕಾರವನ್ನೂ ಹೇಳಬೇಕು. ರಾತ್ರಿ ಕರೆಂಟ್ ಹೋದಾಗ ಕಾಲಿನ ಹೆಬ್ಬೆರಳು ಹೊಸ್ತಿಲ ಕಲ್ಲಿಗೆ ಎಡವಿದರೆ ನೋವು ಎರಡು ಕಂತಿನಲ್ಲಿ ಬರುತ್ತದೆ. ಮೊದಲು ಚುರುಕ್ಕೆಂದು ಒಂದು, ಹಲ್ಲು ಕಚ್ಚಿ 'ಯವ್ವಾ' ಎನ್ನುವಷ್ಟರಲ್ಲಿ ಹಿಂದಿನಿಂದ ನಿಧಾನವಾಗಿ, ಅಗಲವಾಗಿ ಇನ್ನೊಂದು. ಕಲ್ಲು ಬಡಿದದ್ದು ಒಂದೇ ಸಲ. ಮೊದಲಿನದನ್ನು ತಂದ ಎಳೆಗಳಿಗೆ ಕೊಬ್ಬಿನ ಹೊದಿಕೆಯಿದೆ, ಓಟ ಜೋರು. ಎರಡನೆಯದರ ಎಳೆಗಳು ಬರಿಮೈಯವು. ಸೆಕೆಂಡಿಗೆ ಸುಮಾರು 1 ಮೀಟರ್ ನಡೆದರೆ ಹೆಚ್ಚು. ಬೆರಳಿನಿಂದ ಬೆನ್ನುಹುರಿಗೆ ಮೀಟರ್ ದಾರಿ, ಹಾಗಾಗಿ ಸೆಕೆಂಡಿನಷ್ಟು ತಡ. ನರದ ಸುದ್ದಿಗೂ ವೇಗವಿದೆ, ಅದನ್ನು ಅಳೆಯಬಹುದು ಎನ್ನುವುದನ್ನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1850ರಲ್ಲಿ ಕಪ್ಪೆಯ ಕಾಲಿನ ನರದಿಂದ ತೋರಿಸಿಕೊಟ್ಟ. ಇದು ಅಳತೆಗೆ ಸಿಗುವ ವೇಗವೇ ಅಲ್ಲ ಎಂದು ಅವನ ಗುರು ಮ್ಯುಲ್ಲರ್ ನಂಬಿದ್ದರು. ಕತ್ತಲಲ್ಲಿ ಎಡವಿದ ಅನುಭವ ಅವರಿಗೆ ಕಡಿಮೆಯಿತ್ತೋ ಏನೋ.

ಮಿದುಳು, ಬೆನ್ನುಹುರಿ ಎಲುಬಿನ ಗೂಡಿನೊಳಗೆ ಭದ್ರವಾಗಿ ಕೂತಿವೆ. ಹೊರಗೆ ಬಿಸಿಲು, ಕಲ್ಲು, ಮುಳ್ಳಿನ ನಡುವೆ ತಿರುಗುವುದು ಅಲ್ಲಿಂದ ಹೊರಟ ನರಗಳು: ತಲೆಯಿಂದ 12 ಜೋಡಿ, ಬೆನ್ನಿನಿಂದ 31 ಜೋಡಿ. ಬೆನ್ನಿನವು ಒಂದೊಂದು ಮಣಿಯ ಸಂದಿನಿಂದ ಒಂದೊಂದು ಜೋಡಿಯಾಗಿ ಅಚ್ಚುಕಟ್ಟಾಗಿಯೇ ಹೊರಬೀಳುತ್ತವೆ. ಕೈಗೆ ಹೋಗುವ ಐದಂತೂ ಕುತ್ತಿಗೆಯ ಬುಡದಲ್ಲಿ ಕೂಡಿಕೊಂಡು ವಾಡಿ ಜಂಕ್ಷನ್ ಮಾಡಿಬಿಡುತ್ತವೆ. ವಾಡಿಯ ಮೇಲ್ಸೇತುವೆಯಿಂದ ನೋಡಿದವರಿಗೆ ಗೊತ್ತು: ಸೊಲ್ಲಾಪುರದ ಕಡೆಯಿಂದ ಬಂದ ಗಾಡಿ ಮುಂದೆ ರಾಯಚೂರಿಗೂ ಹೋಗಬಹುದು, ಚಿತ್ತಾಪುರ, ಸೇಡಂ ಹಾಯ್ದು ಸಿಕಂದರಾಬಾದಿಗೂ ಹೋಗಬಹುದು. ಯಾವ ಹಳಿಯಿಂದ ಬಂತು ಎನ್ನುವುದರ ಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಹೇಳಲಾಗದು. ಇಲ್ಲಿಯೂ ಹಾಗೆಯೇ. ಐದು ಬೇರು ಕೂಡಿ ಮೂರು ಕಾಂಡ, ಮೂರು ಒಡೆದು ಆರು, ಆರು ಮತ್ತೆ ಕೂಡಿ ಮೂರು ಹಗ್ಗ, ಕಡೆಗೆ ಐದು ದೊಡ್ಡ ನರಗಳಾಗಿ ಹೊಸ ಹೆಸರು ಹೊತ್ತು ತೋಳಿಗೆ ಇಳಿಯುತ್ತವೆ. ಕಲಬುರಗಿಯ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಶುರುವಾದದ್ದು 1963ರಲ್ಲಿ. ಅಂದಿನಿಂದ ನಮ್ಮ ಸೀಮೆಯ ಎಷ್ಟು ಹುಡುಗ ಹುಡುಗಿಯರು ಮೊದಲ ವರ್ಷ ಈ ಚಿತ್ರವನ್ನು ಬರೆದು, ಅಳಿಸಿ, ಮತ್ತೆ ಬರೆದಿದ್ದಾರೋ!

ಈ ಗೋಜಲಿಗೆ ಒಂದು ಒಳ್ಳೆಯ ಗುಣವಿದೆ. ಕೆಳಗೆ ಬೆರಳಿಗೆ ಬರುವ ಹೊತ್ತಿಗೆ ಎಲ್ಲ ನಿಚ್ಚಳವಾಗಿ ಹಂಚಿಹೋಗಿರುತ್ತದೆ. ಇದು ನನಗೆ ತಿಳಿದದ್ದು ನಮ್ಮ ಕಾಕಾನ ದೆಸೆಯಿಂದ. ಕಾಕಾ ವಯಸ್ಸೆಲ್ಲ ಶಹಾಬಾದ್ ಕಡೆಯ ಫರಸಿ ಖಣಿಯಲ್ಲಿ ಉಳಿ ಸುತ್ತಿಗೆ ಹಿಡಿದವ. ಪದರಿನ ಸಂದು ನೋಡಿ ಉಳಿ ಇಟ್ಟರೆ ಹಪ್ಪಳದಷ್ಟು ಸಲೀಸಾಗಿ ಕಲ್ಲು ಏಳುತ್ತಿತ್ತು. ಮುಪ್ಪಿನಲ್ಲಿ ರಾತ್ರಿ ಎದ್ದು ಕೂತು ಕೈ ಝಾಡಿಸುವುದು ಶುರುವಾಯಿತು. ಊರಿನವರು 'ನರದ ವೀಕ್ನೆಸ್' ಎಂದರು. ಸಂತೆಯ ದಿನ ಒಂದು ಕೆಂಪು ಇಂಜೆಕ್ಷನ್, ಬಾಟಲಿಯಲ್ಲಿ ಟಾನಿಕ್. ಗುಣ ಕಾಣದಾಗ ಕಲಬುರಗಿಗೆ ಕರೆದುಕೊಂಡು ಹೋದೆ.

ವೈದ್ಯೆ ಕೇಳಿದ್ದು ಒಂದೇ: "ಯಾವ ಬೆರಳು, ಕಾಕಾ?"

"ಎಲ್ಲಾನೂ ಜುಮ್ ಅಂತಾವ್ರಿ ಬಾಯಿ."

"ಎಲ್ಲಾ ಅನ್ನಬ್ಯಾಡ್ರಿ. ಕಿರಿಬೆರಳು ನೋಡಿ ಹೇಳ್ರಿ."

ಕಾಕಾ ತನ್ನ ಕೈಯನ್ನು ಮೊದಲ ಸಲ ನೋಡುವವನಂತೆ ನೋಡಿದ. ಕಿರಿಬೆರಳನ್ನು ಹೆಬ್ಬೆರಳಿಂದ ತಿಕ್ಕಿದ. "ಇಲ್ರಿ, ಇದಕ್ಕೇನೂ ಇಲ್ಲ" ಎಂದ. ಆಕೆ ಹತ್ತಿಯ ಎಳೆಯೊಂದನ್ನು ಉಂಗುರದ ಬೆರಳಿನ ಒಂದು ಮಗ್ಗುಲಿಗೆ ಸವರಿದಳು, ಆಮೇಲೆ ಇನ್ನೊಂದು ಮಗ್ಗುಲಿಗೆ. ಕಿರಿಬೆರಳಿನ ಕಡೆಯ ಅರ್ಧ ಚೊಕ್ಕವಾಗಿ ತಿಳಿಯುತ್ತಿತ್ತು. ನಡುಬೆರಳಿನ ಕಡೆಯ ಅರ್ಧ ಮಂದ. ಒಂದೇ ಬೆರಳಿಗೆ ಇಬ್ಬರು ಯಜಮಾನರು! ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರದ ಬೆರಳಿನ ಈ ಅರ್ಧ ಮೀಡಿಯನ್ ನರದ ಪಾಲು. ಉಳಿದರ್ಧ ಮತ್ತು ಕಿರಿಬೆರಳು ಅಲ್ನಾರ್ ನರದ ಪಾಲು. ಮೀಡಿಯನ್ ನರ ಮಣಿಕಟ್ಟಿನಲ್ಲಿ ಒಂಬತ್ತು ಸ್ನಾಯುರಜ್ಜುಗಳ ಜೊತೆ ಒಂದು ಇಕ್ಕಟ್ಟಿನ ಸುರಂಗದಲ್ಲಿ ತೂರಿ ಬರಬೇಕು. ಸುತ್ತಿಗೆಯ ಹಿಡಿತಕ್ಕೆ, ಪೆಟ್ಟಿನ ಅದುರಿಗೆ ಅಲ್ಲಿ ಬಾವು ಬಂದರೆ ಹಿಸುಕಿಸಿಕೊಳ್ಳುವುದು ಇದೇ. ತೊಂದರೆ ಕುತ್ತಿಗೆಯಲ್ಲೂ ಇಲ್ಲ, ನೆತ್ತರಲ್ಲೂ ಇಲ್ಲ, ಮಣಿಕಟ್ಟಿನ ಎರಡು ಬೆರಳಗಲ ಜಾಗದಲ್ಲಿ ಇದೆ ಎಂದು ಅರ್ಧ ಬೆರಳು ಹೇಳಿಬಿಟ್ಟಿತು. ರಾತ್ರಿ ಮಣಿಕಟ್ಟು ಮಡಿಯದಂತೆ ಒಂದು ಪಟ್ಟಿ ಕಟ್ಟಿಕೊಟ್ಟರು. ಸುತ್ತಿಗೆ ಮಗನ ಕೈಗೆ ಹೋಯಿತು.

ಕೆಂಪು ಇಂಜೆಕ್ಷನ್ನಿನ ಮೇಲೆ ನನಗೆ ಹಗೆಯಿಲ್ಲ. ಅದರ ಕೆಂಪು ಬಿ12 ಜೀವಸತ್ವದ್ದು. ಎಳೆಗಳ ಹೊದಿಕೆಗೆ ಅದು ಬೇಕೇ ಬೇಕು, ಕಾಯಿಪಲ್ಲೆಯಲ್ಲಿ ಸಿಗುವುದಿಲ್ಲ. ಅದು ಕಡಿಮೆಯಾದವರಿಗೆ ಅದು ಅಮೃತ. ಆದರೆ ಮಣಿಕಟ್ಟಿನಲ್ಲಿ ಸಿಕ್ಕಿಬಿದ್ದ ನರಕ್ಕೂ ಅದೇ, ಸಕ್ಕರೆ ಕಾಯಿಲೆಯವರ ಪಾದದ ಉರಿಗೂ ಅದೇ, ಸೊಂಟದಿಂದ ಹಿಮ್ಮಡಿಗೆ ಎಳೆಯುವ ಸಯಾಟಿಕಾಕ್ಕೂ ಅದೇ ಎಂದರೆ ಹೇಗೆ? ಸಕ್ಕರೆಯವರಿಗೆ ಉದ್ದದ ನರ ಮೊದಲು ಸೋಲುತ್ತದೆ, ಹಾಗಾಗಿ ಎರಡೂ ಕಾಲಿನ ಬೆರಳಿನಿಂದ ಶುರು. ಸಯಾಟಿಕಾ ಸಾಮಾನ್ಯವಾಗಿ ಒಂದೇ ಕಾಲನ್ನು ಹಿಡಿಯುತ್ತದೆ. ಆದಿತ್ಯನಗರದ ಸಿಮೆಂಟ್ ಕಾರ್ಖಾನೆಯ ಮಗ್ಗುಲಲ್ಲೇ ಇರುವ ಮಳಖೇಡದಲ್ಲಿ ರಾಷ್ಟ್ರಕೂಟರು ಆಳುತ್ತಿದ್ದಾಗ ಉಗ್ರಾದಿತ್ಯ ಎಂಬ ಜೈನ ವೈದ್ಯ ಸಂಸ್ಕೃತದಲ್ಲಿ 'ಕಲ್ಯಾಣಕಾರಕ'ವನ್ನು ಬರೆದ. ಆ ಪರಂಪರೆಯ ವೈದ್ಯರು ಇಂಥ ನೋವು, ಜೋಮುಗಳನ್ನೆಲ್ಲ ವಾತದ ಲೆಕ್ಕಕ್ಕೆ ಹಾಕುತ್ತಿದ್ದರು ನಿಜ. ಆದರೂ ಚರಕ ವಾತದ ರೋಗಗಳನ್ನು 80 ಎಂದು ಬಿಡಿಬಿಡಿಯಾಗಿ ಎಣಿಸಿಟ್ಟಿದ್ದ. ನಾವು ಎಂಬತ್ತನ್ನು ಒಂದು 'ವೀಕ್ನೆಸ್'ಗೆ ಇಳಿಸಿ ಕೂತಿದ್ದೇವೆ.

ನರದ ಸರಹದ್ದು ಕಣ್ಣಿಗೆ ಕಾಣುವುದು ಅಪರೂಪ. ಕಾಣಿಸುವುದು ಸರ್ಪಸುತ್ತು ಎದ್ದಾಗ. ಎದೆಯ ಒಂದು ಮಗ್ಗುಲಲ್ಲಿ, ಬೆನ್ನಿನಿಂದ ಮುಂದಕ್ಕೆ ಬಳಸಿಕೊಂಡು ನೀರುಗುಳ್ಳೆಗಳ ಪಟ್ಟಿ. ಸರ್ಪದ ತಲೆಗೂ ಬಾಲಕ್ಕೂ ಕೂಡಿತೆಂದರೆ ಜೀವ ಹೋಗುತ್ತದೆಂದು ಹೆದರಿ ನಮ್ಮವರು ಕಾವಿ ಹಚ್ಚಿಸುತ್ತಾರೆ. ಕೂಡುವುದಿಲ್ಲ, ಹೆದರಬೇಡಿ. ಚಿಕ್ಕವರಿದ್ದಾಗ ಮೈಮೇಲೆ 'ಅಮ್ಮ' ಬಂದು ಹೋದಾಗಲೇ ಅದರ ವೈರಾಣು ಬೆನ್ನಿನ ನರದ ಬೇರಿನ ಗಂಟಿನಲ್ಲಿ ಅಡಗಿ ಕೂತಿರುತ್ತದೆ. ಮುಪ್ಪಿನಲ್ಲಿ ಮೈ ಸೊರಗಿದಾಗ ಎದ್ದು, ಆ ಒಂದು ನರದ ದಾರಿ ಹಿಡಿದು ತೊಗಲಿಗೆ ಬರುತ್ತದೆ. ಎಡಗಡೆಯ ನರ ಎಡಗಡೆಯದು, ಎದೆಯ ನಡುಗೆರೆಯಲ್ಲಿ ಅದರ ಹೊಲ ಮುಗಿಯಿತು. ಲಂಡನ್ನಿನ ಹೆನ್ರಿ ಹೆಡ್ ಇಂಥ ಗುಳ್ಳೆಗಳ ಪಟ್ಟಿಗಳನ್ನೇ ನೋಡಿ ನೋಡಿ 1900ರಲ್ಲಿ ಮೈಯ ಮೇಲೆ ನರಗಳ ನಕಾಶೆ ಎಳೆದ. ಅಷ್ಟಕ್ಕೆ ಸಮಾಧಾನವಾಗದೆ 1903ರಲ್ಲಿ ತನ್ನ ಮುಂದೋಳಿನ ನರವನ್ನೇ ಕತ್ತರಿಸಿಕೊಂಡು, ಅರಿವು ಹೇಗೆ ಮರಳುತ್ತದೆಂದು ವರ್ಷಗಟ್ಟಲೆ ಗೆಳೆಯ ರಿವರ್ಸ್‌ನ ಕೈಲಿ ಪರೀಕ್ಷೆ ಮಾಡಿಸಿದ. ಕತ್ತರಿಸಿದ ನರ ದಿನಕ್ಕೆ ಒಂದು ಮಿಲಿಮೀಟರಿನಂತೆ ಬೆಳೆಯುತ್ತದೆ, ಆದ್ದರಿಂದ ಅವಸರಕ್ಕೆ ಎಡೆಯಿರಲಿಲ್ಲ. ಹುಚ್ಚು ಎನ್ನಿ, ನನಗಂತೂ ಆತನ ಮೇಲೆ ಪ್ರೀತಿ.

ಕಾವಿ ಹಚ್ಚುವುದರಲ್ಲಿ ಕಾಲ ಕಳೆಯದೆ ಮೊದಲ ಮೂರು ದಿನದಲ್ಲಿ ವೈದ್ಯರ ಬಳಿ ಹೋದರೆ ಮಾತ್ರೆ ಚೆನ್ನಾಗಿ ನಾಟುತ್ತದೆ. ಗುಳ್ಳೆ ಒಣಗಿದ ಮೇಲೂ ತಿಂಗಳುಗಟ್ಟಲೆ ಉಳಿಯುವ ಉರಿ ಅನುಭವಿಸಿದವರಿಗೇ ಗೊತ್ತು.

ಮೊಣಕೈ ಬಾಗಿಲಿಗೆ ಬಡಿದು ಕರೆಂಟ್ ಹೊಡೆದಂತಾಗುತ್ತದಲ್ಲ, ಅಲ್ಲಿ ಬಡಿಸಿಕೊಂಡದ್ದು ಕಿರಿಬೆರಳಿನ ಯಜಮಾನ ಅಲ್ನಾರ್. ಆ ಜಾಗದಲ್ಲಿ ಅದು ತೊಗಲಿನಡಿಗೇ ಇರುವುದರಿಂದ ಮೈಯ ಒಳಗಿಗಿಂತ ತಂಪು. 1873ರಲ್ಲಿ ನಾರ್ವೆಯ ಹ್ಯಾನ್ಸನ್ ಕಂಡುಹಿಡಿದ ಕುಷ್ಠದ ರೋಗಾಣುವಿಗೆ ತಂಪಿನ ಜಾಗವೇ ಪ್ರೀತಿ. ಅದಕ್ಕೆ ವೈದ್ಯರು ಮೊಣಕೈಯ ಆ ಸಂದಿನಲ್ಲಿ ಬೆರಳಾಡಿಸಿ ನರ ದಪ್ಪವಾಗಿದೆಯೇ ಎಂದು ನೋಡುತ್ತಾರೆ. ರೋಗ ಬೆರಳನ್ನು ತಿನ್ನುತ್ತದೆ ಎಂದೇ ಶತಮಾನಗಳಿಂದ ನಂಬಿದ್ದರು. ಅರಿವಿಲ್ಲದ ಬೆರಳು ಬಿಸಿ ಪಾತ್ರೆ, ಮೊಳೆ, ಬೆಂಕಿಗೆ ಸಿಕ್ಕು ತನ್ನಷ್ಟಕ್ಕೆ ಸವೆಯುತ್ತದೆ ಎಂದು ತೋರಿಸಿದ್ದು ವೆಲ್ಲೂರಿನಲ್ಲಿದ್ದ ಪಾಲ್ ಬ್ರ್ಯಾಂಡ್. ಜುಮ್ ಎನ್ನುವ ಕಾಲನ್ನು ಝಾಡಿಸಿ ಮರೆಯಬಹುದು. ಏನೂ ಅನ್ನದ ಜಾಗಕ್ಕೆ ಮಾತ್ರ ಹೆದರಬೇಕು.

ಬೆವರಿಸುವುದೂ ನರದ ಕೆಲಸ. ನಮ್ಮ ಸೀಮೆಯ ಮೇ ತಿಂಗಳ ಬಿಸಿಲಿಗೆ ಮೈಯೆಲ್ಲ ಬೆವರಿ ಒಂದು ಮಾಸಲು ಮಚ್ಚೆ ಮಾತ್ರ ಒಣಗಿಯೇ ಇದ್ದರೆ, ಮುಟ್ಟಿದರೆ, ಚಿವುಟಿದರೆ ಅಲ್ಲಿ ತಿಳಿಯದಿದ್ದರೆ, ನೋವಿಲ್ಲವೆಂದು ಸುಮ್ಮನಿರಬೇಡಿ, ನಾಚಿಕೊಳ್ಳಲೂ ಬೇಡಿ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ. ಆರು ತಿಂಗಳಿಂದ ಒಂದು ವರ್ಷದ ಮಾತ್ರೆ, ಅದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ.