ಸೆಲ್ಲಿನ ಕಿಲುಬು

ರಿಮೋಟು ಮುಷ್ಕರ ಹೂಡಿದಾಗ ನಮ್ಮ ಬಸವೇಶ್ವರನಗರದ ಮನೆಗಳಲ್ಲಿ ನಡೆಯುವ ಉಪಚಾರಕ್ಕೆ ಒಂದು ಕ್ರಮವಿದೆ. ಮೊದಲು ಅಂಗೈಗೆ ಬಡಿಯುವುದು. ಆಮೇಲೆ ಮುಚ್ಚಳ ತೆಗೆದು ಸೆಲ್ಲುಗಳನ್ನು ಹೆಬ್ಬೆರಳಿನಲ್ಲಿ ಉರುಳಿಸುವುದು. ಅದಕ್ಕೂ ಬಗ್ಗದಿದ್ದರೆ ಅದಲುಬದಲು ಮಾಡುವುದು, ಬಿಸಿಲಿಗಿಡುವುದು, ಕೊನೆಗೆ ಹಲ್ಲಿನಲ್ಲಿ ಕಚ್ಚುವುದು. ಕಚ್ಚಿದ ಸೆಲ್ಲು ಇನ್ನೊಂದು ವಾರ ಬಾಳುತ್ತದೆಂದು ನಂಬಿದವರು ಹಾವನೂರು ಸರ್ಕಲ್ಲಿನಿಂದ ಶಂಕರಮಠದವರೆಗೆ ಎಷ್ಟು ಮಂದಿಯೋ! ಸ್ಪ್ರಿಂಗಿನ ಬುಡದಲ್ಲಿ ಕೂತ ಬಿಳಿ ಹಿಟ್ಟಿನ ಕಡೆಗೆ ಮಾತ್ರ ಯಾರ ಕಣ್ಣೂ ಹೋಗುವುದಿಲ್ಲ.

ನನಗೋ ಆ ಹಿಟ್ಟೆಂದರೆ ಒಂದು ಬಗೆಯ ಅಕ್ಕರೆ. ಭಾನುವಾರ ಊಟ ಮುಗಿದು ಮನೆಯವರೆಲ್ಲ ಅಡ್ಡಾದ ಮೇಲೆ ಹಳೆಯ ಪೇಪರು ಹಾಸಿ ಕೂರುತ್ತೇನೆ. ಸವೆದ ಹಲ್ಲುಜ್ಜುವ ಬ್ರಷ್ಷು, ಕಿವಿಯ ಬಡ್ಸು, ಅರ್ಧ ನಿಂಬೆಹಣ್ಣು, ಚಿಟಿಕೆ ಅಡುಗೆ ಸೋಡಾ, ಸ್ವಲ್ಪ ಸ್ಪಿರಿಟ್ಟು. ಇಷ್ಟಿದ್ದರೆ ಸಾಕು, ಗೋಡೆ ಗಡಿಯಾರವೂ ಟಾರ್ಚೂ ಸರದಿ ಹಿಡಿದು ಬರುತ್ತವೆ.

ಹಿಟ್ಟು ನೋಡಲು ಒಂದೇ ಥರ, ಜಾತಿ ಮಾತ್ರ ಎರಡು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಸಾದಾ ಸೆಲ್ಲಿನ ಮೂಲಪುರುಷ ಕಾರ್ಲ್ ಗಾಸ್ನರ್ ಎಂಬ ಜರ್ಮನ್. 1886ರಲ್ಲಿ ಪೇಟೆಂಟ್ ಪಡೆದ. ಅದರೊಳಗಿನ ಸತುವಿನ ಡಬ್ಬಿಯೇ ವಿದ್ಯುತ್ತಿನ ಒಂದು ಧ್ರುವ, ಅದೇ ಉಳಿದದ್ದನ್ನೆಲ್ಲ ಹಿಡಿದಿಡುವ ಪಾತ್ರೆ. ಕರೆಂಟು ಕೊಟ್ಟಷ್ಟೂ ಡಬ್ಬಿ ಕರಗುತ್ತದೆ. ಉಣ್ಣುತ್ತ ಉಣ್ಣುತ್ತ ತಟ್ಟೆಯನ್ನೂ ಉಂಡ ಹಾಗೆ. ಹಾಗೆ ತೆಳುವಾದ ಡಬ್ಬಿಗೆ ತೂತು ಬಿದ್ದು ಹುಳಿ ಗುಣದ ಉಪ್ಪುನೀರು ಜಿನುಗುತ್ತದೆ. ಇಂಥದ್ದನ್ನು ಹಲ್ಲಿನಲ್ಲಿ ಕಚ್ಚುವವರ ಧೈರ್ಯವನ್ನು ಮೆಚ್ಚಲೇಬೇಕು. ಆಲ್ಕಲೈನ್ ಸೆಲ್ಲಿನ ಕತೆ ಬೇರೆ. ಅದರ ಹೊಟ್ಟೆಯಲ್ಲಿರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಸುಡುವ ಕ್ಷಾರ. ಸೆಲ್ಲು ಬರಿದಾದ ಮೇಲೂ ಒಳಗೆ ಹೈಡ್ರೋಜನ್ ಹುಟ್ಟಿ, ಒತ್ತಡ ಏರಿ, ಮುದ್ರೆ ಸಡಿಲುತ್ತದೆ. ಹೊರಬಿದ್ದ ಕ್ಷಾರ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡಿನ ಜೊತೆ ಕೂಡಿ ಪೊಟ್ಯಾಸಿಯಂ ಕಾರ್ಬೊನೇಟಿನ ಹರಳಾಗುತ್ತದೆ. ಆದ್ದರಿಂದ ಕ್ಷಾರಕ್ಕೆ ನಿಂಬೆ, ಹುಳಿಗೆ ಸೋಡಾ. ಹುಳಿ ಕಕ್ಕಿದ ಸೆಲ್ಲಿಗೆ ಹುಳಿಯನ್ನೇ ಹಚ್ಚಿ ಕೂತರೆ ಜಗಳ ಬಗೆಹರಿಯುವುದಿಲ್ಲ.

“ಹುಣಸೆಹಣ್ಣು ಹಚ್ಚೋ, ತಾಮ್ರದ ಚೊಂಬೇ ಫಳಫಳ ಅನ್ನತ್ತೆ,” ಎನ್ನುತ್ತಾರೆ ಅಮ್ಮ, ಮಲಗಿದಲ್ಲಿಂದಲೇ. ಅಮ್ಮನ ರಸಾಯನಶಾಸ್ತ್ರದಲ್ಲಿ ಲೋಪವಿಲ್ಲ. ಹಿತ್ತಾಳೆ ಪಟ್ಟಿಯ ಹಸಿರು ಕಿಲುಬು ಹುಣಸೆಗೆ ಸೋಲುತ್ತದೆ. ಆದರೆ ಅದರ ನಾರು ಸಂದಿಗೆ ಸಿಕ್ಕಿದರೆ ತೆಗೆಯುವಷ್ಟರಲ್ಲಿ ಸಾಕಾಗುತ್ತದೆ. ನಾನು ಬಡ್ಸಿನ ತುದಿಗೆ ಒಂದೇ ತೊಟ್ಟು ನಿಂಬೆರಸ ಮುಟ್ಟಿಸುತ್ತೇನೆ. ಚುರ್ರೆಂದು ಸಣ್ಣ ನೊರೆ ಏಳುತ್ತದೆ. ಗಾಳಿಯಿಂದ ಬಂದ ಅನಿಲ ಗಾಳಿಗೇ ಹೊರಟಿತು. ಈ ನೊರೆ ನೋಡುವುದಕ್ಕಾಗಿಯೇ ನಾನು ಕೂರುವುದು ಎಂದರೂ ತಪ್ಪಿಲ್ಲ. ನೊರೆ ಅಡಗಿದ ಮೇಲೆ ಒದ್ದೆ ಬಡ್ಸಿನಲ್ಲಿ ಒರೆಸಿ, ಸ್ಪಿರಿಟ್ಟು ಸವರಿ, ಒಣಗಲು ಬಿಡಬೇಕು. ಅವಸರದವರಿಗೆ ಒಣಗಿಸುವ ತಾಳ್ಮೆ ಇರುವುದಿಲ್ಲ.

ಅವರ ಕೈಗೆ ಮೊದಲು ಸಿಗುವುದೇ ಉಪ್ಪುಕಾಗದ. ಸ್ಪ್ರಿಂಗು ಬರೀ ಉಕ್ಕು. ಮೇಲಿನ ನಿಕ್ಕಲ್ ಲೇಪ ಕೂದಲಿಗಿಂತ ತೆಳು. ಗಸಗಸ ಉಜ್ಜಿದರೆ ಹೊಳಪೇನೋ ಬರುತ್ತದೆ, ಮುಂದಿನ ಮಳೆಗಾಲಕ್ಕೆ ತುಕ್ಕೂ ಬರುತ್ತದೆ. ಪಕ್ಕದ ಕಾಮಾಕ್ಷಿಪಾಳ್ಯದಲ್ಲಿ ಪ್ಲೇಟಿಂಗ್ ಮಾಡುವವರಿದ್ದಾರೆ ನಿಜ, ಒಂದು ರಿಮೋಟಿನ ಸ್ಪ್ರಿಂಗು ಹಿಡಿದು ಅವರ ಮುಂದೆ ನಿಲ್ಲುವುದು ಹೇಗೆ? ಎಸ್.ಪಿ. ರಸ್ತೆಗೆ ಹೋಗಿ ಹೊಸ ಸ್ಪ್ರಿಂಗು ಹುಡುಕುವುದೇ ಮೇಲು.

ಮೊನ್ನೆ ಅಪ್ಪನ ಕಾಲದ ಟ್ರಾನ್ಸಿಸ್ಟರಿನ ಸರದಿ. ಮುಚ್ಚಳವೇ ಕಚ್ಚಿಕೊಂಡಿತ್ತು. ಸೋಡಾ, ಬ್ರಷ್ಷು, ಸ್ಪಿರಿಟ್ಟು ಎಲ್ಲ ಮುಗಿದು ಹೊಸ ಸೆಲ್ಲು ತುಂಬಿ ಮುಳ್ಳನ್ನು 612 ಕಿಲೋಹರ್ಟ್ಸ್‌ಗೆ ತಿರುಗಿಸಿದೆ. ಬೆಂಗಳೂರು ಆಕಾಶವಾಣಿ ಬಂತು, ಜೊತೆಗೆ ಮನೆಯ ಎಲ್ಲ ಎಲ್‌ಇಡಿ ಬಲ್ಬುಗಳ ಗೊರಗೊರವೂ ಬಂತು. ಒಂದೊಂದೇ ದೀಪ ಆರಿಸುತ್ತ ಬಂದರೆ ಅಮ್ಮ, “ವಾರ್ತೆ ಕೇಳಕ್ಕೆ ಕತ್ತಲಲ್ಲಿ ಕೂರಬೇಕೇನೋ?” ಎಂದು ರೇಗಿದರು.

ಅಷ್ಟರಲ್ಲಿ ಕಾಲಿಂಗ್ ಬೆಲ್ಲು. ಮೇಲ್ಮನೆಯ ರಾಯರು ಬಿ.ಪಿ. ನೋಡುವ ಮೆಷೀನನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಾರೆ. “ಆರು ತಿಂಗಳಿಂದ ಬೀರುವಲ್ಲಿತ್ತು ಕಣ್ರೀ, ಸೆಲ್ಲು ಒಳಗೇ ಇದೆ,” ಎಂದವರೇ ಜೇಬಿಗೆ ಕೈಹಾಕಿದರು. “ನಿಂಬೆಹಣ್ಣು ನಾನೇ ತಂದಿದೀನಿ.”