ಅಂಗಳದ ಚೆರಿ ಮರ

ಮುಂಬಯಿಯಲ್ಲಿ ಮೂವತ್ತು ವರ್ಷ ಗುಮಾಸ್ತಗಿರಿ ಮಾಡಿ ಬೆಳ್ಮಣ್ಣಿಗೆ ಮರಳಿದಾಗ ನನಗೊಂದು ಹುಚ್ಚಿತ್ತು: ಅಂಗಳದಲ್ಲಿ ಚೆರಿ ಮರ ಬೆಳೆಸಬೇಕು. ಕ್ಯಾಲೆಂಡರಿನ ಚಿತ್ರಗಳಲ್ಲಿ ಅದನ್ನು ನೋಡಿದ್ದೆ. ಅಂದಕ್ಕೆ ಹೂವೂ ಆಯಿತು, ಬಾಯಿಗೆ ಹಣ್ಣೂ ಆಯಿತು ಎಂಬುದು ನನ್ನ ಲೆಕ್ಕ.

ತಿಳಿದವರೊಬ್ಬರು ನಕ್ಕುಬಿಟ್ಟರು. ಕಾಶ್ಮೀರ, ಹಿಮಾಚಲಗಳ ಚೆರಿಗೆ ಚಳಿಗಾಲದ ನಿದ್ದೆ ಬೇಕಂತೆ. ನಮ್ಮ ಕರಾವಳಿಯ ಸೆಕೆಯಲ್ಲಿ ಅದಕ್ಕೆ ಕಣ್ಣು ಹತ್ತುವುದೇ ಇಲ್ಲವಂತೆ. ನಿದ್ದೆಯೇ ಮಾಡದ ಮರ ಎದ್ದು ಹೂ ಬಿಡುವುದೆಲ್ಲಿಂದ? ಬೇಕರಿಯ ಕೇಕಿನ ಮೇಲೆ ಕೂರುವ ಕೆಂಪು ಚೆರಿಯೂ ಎಷ್ಟೋ ಸಲ ಬಣ್ಣ ಹಾಕಿ ಸಕ್ಕರೆ ಪಾಕದಲ್ಲಿ ಅದ್ದಿದ ಕರಂಡೆಕಾಯಿಯೇ ಎಂದು ಹೇಳಿ, ನನ್ನ ಉಳಿದ ಭ್ರಮೆಯನ್ನೂ ಕಳೆದರು.

ಅಷ್ಟರಲ್ಲಿ ಮುರಕಲ್ಲಿನ ಪಾಗಾರದ ಬುಡದಲ್ಲಿ, ಯಾರೂ ನೆಡದೆ, ಒಂದು ಗಿಡ ಎದ್ದಿತ್ತು. ಬಾವಲಿಯೋ ಪಿಕಳಾರವೋ ಉದುರಿಸಿದ ಬೀಜ. ಗಸಗಸೆ ಮರ! ಸಿಂಗಾಪುರ ಚೆರಿ ಎಂದೂ ಅದಕ್ಕೆ ಹೆಸರುಂಟು. ನಿಜವಾದ ಚೆರಿಗೂ ಅದಕ್ಕೂ ನಂಟಿಲ್ಲ. ಸಿಂಗಾಪುರವೂ ಅದರ ತವರಲ್ಲ. ತವರು ಅಮೆರಿಕದ ಉಷ್ಣವಲಯ. 1753ರಲ್ಲಿ ಲಿನೇಯಸ್ ಅದಕ್ಕೆ ಮುಂಟಿಂಜಿಯ ಕಲಬುರ ಎಂದು ನಾಮಕರಣ ಮಾಡಿದ. ಅರ್ಧ ಕೇಳಿದವರಿಗೆ ಕಲಬುರಗಿಯ ಗಿಡವೆನ್ನಿಸೀತು.

ಎರಡೇ ವರ್ಷದಲ್ಲಿ ಅದು ಕೊಂಬೆಗಳನ್ನು ಕೊಡೆಯಂತೆ ಅಡ್ಡಕ್ಕೆ ಚಾಚಿ ಹಣ್ಣು ಬಿಟ್ಟಿತು. ಬೆಳಗಿನ ಬಿಳಿಯ ಹೂವಿನ ಎಸಳು ಮಧ್ಯಾಹ್ನ ಕಳೆಯುವಷ್ಟರಲ್ಲಿ ನೆಲದ ಮೇಲೆ. ಹಣ್ಣು ಗೋಲಿಗಿಂತ ಚಿಕ್ಕದು, ಕೆಂಪು. ಒತ್ತಿದರೆ ಬೆಲ್ಲದ ಪಾಕದಂಥ ತಿರುಳು, ಅದರ ತುಂಬ ಗಸಗಸೆಯಂಥ ಬೀಜ. ಬೇಕಾದವರು ಹಣ್ಣನ್ನು ನೀರಿನಲ್ಲಿ ಕಿವುಚಿ, ಆ ನೀರನ್ನು ಹಸಿ ಮಣ್ಣಿನ ಮೇಲೆ ಚೆಲ್ಲಿದರೆ ಸಾಕು. ಬೀಜವನ್ನು ಮುಚ್ಚಬಾರದು, ಅದಕ್ಕೆ ಬೆಳಕು ಬೇಕು. ಕಿತ್ತ ಹಣ್ಣು ಹೆಚ್ಚು ಹೊತ್ತು ನಿಲ್ಲದು. ಹಾಗಾಗಿ ಅದಕ್ಕೆ ನಮ್ಮ ಪೇಟೆಯಲ್ಲಿ ಬೆಲೆಯಿಲ್ಲ. ಬೆಲೆಯಿಲ್ಲದ್ದರಿಂದಲೇ ಅದು ಮಕ್ಕಳ ಪಾಲಾಯಿತು. ಶಾಲೆ ಬಿಟ್ಟೊಡನೆ ನಮ್ಮ ಗೇಟು ಕಿರುಗುಟ್ಟತೊಡಗಿತು.

ಹಗಲು ಮಕ್ಕಳ ಗಲಾಟೆ, ರಾತ್ರಿ ಬಾವಲಿಗಳದ್ದು. ಬೆಳಗೆದ್ದರೆ ಜಗಲಿಯ ಮೇಲೆಲ್ಲ ಕಲೆ. ಆಟಿ ತಿಂಗಳ ಒಂದು ಗಾಳಿಗೆ ಕೊಂಬೆಯೊಂದು ಮುರಿದು ಮಾಡಿನ ಮೇಲೆ ಬಿದ್ದು ಏಳು ಹಂಚು ಒಡೆದವು. ಈ ಮರದ ಕೊಂಬೆ ಹಾಗೆಯೇ, ಬೇಗ ಬೆಳೆಯುತ್ತದೆ, ಬೇಗ ಮುರಿಯುತ್ತದೆ. ಮರುದಿನವೇ ಕೊಡಲಿಯವನನ್ನು ಕರೆಸಿದೆ.

ಅಮ್ಮನಿಗೆ ಆಗಲೇ ಕಣ್ಣು ಮಂಜಾಗಿತ್ತು. ಜಗಲಿಯಲ್ಲಿ ಕುಳಿತು, ಮರದಡಿಯ ಮಕ್ಕಳನ್ನು ಸ್ವರದಿಂದಲೇ ಗುರುತಿಸುತ್ತಿದ್ದಳು. ಕೊಡಲಿಯ ಸದ್ದು ಕೇಳಿ ಕರೆದಳು.

"ಹಂಚಿಗೆ ಅಂಗಡಿ ಉಂಟು ಮಗಾ. ಮಕ್ಕಳಿಗೆ ಅಂಗಡಿ ಉಂಟಾ?"

ಅವಳು ಹೇಳಿದ್ದು ಅಷ್ಟೇ. ಆದರೆ ಮೂವತ್ತು ವರ್ಷ ರಜೆಯಲ್ಲಿ ಮಾತ್ರ ಬಂದುಹೋದವನು ನಾನು. ನನ್ನ ಮಕ್ಕಳು ಬೆಳೆದದ್ದೂ ಮುಂಬಯಿಯಲ್ಲೇ. ಅಷ್ಟೂ ಕಾಲ ಈ ಅಂಗಳ ಎಷ್ಟು ಮೌನವಾಗಿತ್ತೆಂದು ಅವಳೊಬ್ಬಳಿಗೇ ಗೊತ್ತು. ಆ ಸಾಲವನ್ನು ನಾನು ತೀರಿಸಲಿಲ್ಲ. ಯಾವುದೋ ಹಕ್ಕಿ ತೀರಿಸಿತು.

ಮಾಡಿನ ಕಡೆಗೆ ಬಾಗಿದ ಎರಡು ಕೊಂಬೆಗಳನ್ನಷ್ಟೇ ಕಡಿಸಿದೆ. ಮರ ಇದೆ. ಗುಮಾಸ್ತನ ಚಾಳಿ ಬಿಡುವುದಿಲ್ಲವಲ್ಲ, ಏಳು ಹಂಚಿನ ಹಣವನ್ನು ಖರ್ಚಿನ ಪುಸ್ತಕದಲ್ಲಿ ಬರೆದಿಟ್ಟೆ. ರಿಪೇರಿ ಎಂದಲ್ಲ, ಅಮ್ಮನ ಲೆಕ್ಕಕ್ಕೆ.