ಚುಕ್ಕಿಗೆ ಬೇರೆ ಒಲೆ

ಹೋದ ಸಲ ಹಲಸಿನಕಾಯಿ ಹಪ್ಪಳದ ವಿಷಯ ಬರೆದಿದ್ದೆ. ಈ ಸಲಾನೂ ಅಡುಗೆನೇ, ಆದ್ರೆ ನಾವು ಉಣ್ಣೋ ಅಡುಗೆ ಅಲ್ಲ. ನಮ್ಮ ಚುಕ್ಕಿದು. ಮುಖ ಸಿಂಡರಿಸ್ಕೋಬೇಡಿ, ಪೂರ್ತಿ ಓದಿ.

ಚುಕ್ಕಿ ಹುಟ್ಟಿದ್ದು ಗುಬ್ಬಿ ತವರುಮನೆ ಅಟ್ಟದಾಗೆ. ಮೂರು ವರ್ಷದ ಹಿಂದೆ ಬ್ಯಾಗಿನಾಗೆ ಹಾಕ್ಕೊಂಡು ಬಸ್ಸಿನಾಗೆ ತಂದೆ. ತುಮಕೂರು ಗುಬ್ಬಿ ಗೇಟ್ ಬರೋ ತನಕ ಕಿರುಚ್ತಾನೇ ಇತ್ತು. ನಮ್ಮದು ಎರಡನೇ ಮಹಡಿ ಮನೆ, ಕೆಳಗೆ ಬೀದಿನಾಯಿ ಕಾಟ, ಹಂಗಾಗಿ ಹೊರಗೇ ಬಿಡಲಿಲ್ಲ. ನಮ್ಮದು ಲಿಂಗಾಯತರ ಮನೆ, ಮೊಟ್ಟೆನೂ ಒಳಗೆ ಬರಲ್ಲ. ಹಾಲನ್ನ, ಮೊಸರನ್ನ, ತುಪ್ಪ ಸವರಿದ ಚಪಾತಿ, ಇದೇ ಅದರ ಊಟ. ಬಂದೋರಿಗೆಲ್ಲ "ನಮ್ಮ ಬೆಕ್ಕೂ ಶರಣರ ಮನೆ ಬೆಕ್ಕು ಕಣ್ರೀ" ಅಂತ ಜಂಬ ಕೊಚ್ಚಿಕೊಳ್ತಿದ್ದೆ.

ಹೋದ ಕಾರ್ತೀಕದಾಗೆ ಅದು ಬಾಗಿಲ ಚೌಕಟ್ಟಿಗೆ ಡಿಕ್ಕಿ ಹೊಡೀತು. ಬಿಸಿಲಾಗೂ ಕಣ್ಣಿನ ಪಾಪೆ ಕತ್ತಲಾಗಿದ್ದಂಗೆ ಅಗಲವಾಗೇ ಇರೋದು. ಕಿಟಕಿ ಹತ್ತಿದ್ರೆ ಏದುಸಿರು. ಡಾಕ್ಟ್ರ ತಾವ ಕರ್ಕೊಂಡು ಹೋದೆ. "ಏನು ಹಾಕ್ತೀರಾ?" ಅಂದ್ರು. ಹೆಮ್ಮೆಯಿಂದಲೇ ಹೇಳಿದೆ. ಅವರು ಒಂದು ಗಳಿಗೆ ಸುಮ್ಮನಿದ್ದು, "ಅಮ್ಮಾ, ಇದು ಹೊಟ್ಟೆ ತುಂಬಿದ ಉಪವಾಸ" ಅಂದ್ರು.

ವಿಷಯ ಏನಂದ್ರೆ, ಟಾರಿನ್ ಅಂತ ಒಂದು ಸತ್ವ ಐತೆ. ನಮ್ಮ ಮೈ ಅದನ್ನ ತಾನೇ ಮಾಡ್ಕೊಳ್ಳುತ್ತೆ, ಬೆಕ್ಕಿನ ಮೈಗೆ ಸಾಕಷ್ಟು ಮಾಡ್ಕೊಳ್ಳೋಕೆ ಆಗಲ್ಲ. ಮಾಂಸ, ಮೀನಿಂದಲೇ ಸಿಗಬೇಕು. ಕಾಳು, ಅಕ್ಕಿಯಲ್ಲಿ ಇಲ್ಲ, ಹಾಲಿನಲ್ಲಿ ಇರೋದು ಸಾಲದು. ಸಿಗದಿದ್ರೆ ಕಣ್ಣಿನ ಒಳಪದರ ಸವೆಯುತ್ತೆ, ಹೃದಯ ಊದಿ ಬಲ ಕಳ್ಕೊಳ್ಳುತ್ತೆ. 1987ರಲ್ಲಿ ಕ್ಯಾಲಿಫೋರ್ನಿಯಾದ ಪಶುವೈದ್ಯರು ಇದನ್ನ ಪತ್ತೆ ಮಾಡೋವರೆಗೂ ಅಂಗಡಿಯ ಡಬ್ಬಿ ತಿಂಡಿ ತಿಂದ ಬೆಕ್ಕುಗಳೂ ಹೃದಯದ ಕಾಯಿಲೆಯಿಂದ ಸಾಯ್ತಿದ್ವಂತೆ. ಆಮೇಲೆ ಕಂಪನಿಯೋರು ಟಾರಿನ್ ಜಾಸ್ತಿ ಬೆರೆಸೋಕೆ ಶುರು ಮಾಡಿದ್ರು. ಹೆಬ್ಬಾಳದ ಪಶುವೈದ್ಯ ಕಾಲೇಜಿಗೆ ಹೋಗಿ ಎದೆ ಸ್ಕ್ಯಾನ್ ಮಾಡಿಸಿದ್ವಿ. ಹೃದಯ ಸುಧಾರಿಸಬಹುದು, ಕಣ್ಣು ವಾಪಸ್ ಬರಲ್ಲ ಅಂದ್ರು. ಬರೋವಾಗ ಬಸ್ಸಿನಾಗೆ ಪೂರ್ತಿ ಅತ್ತೆ.

ಮೊದಲನೇ ವಾರ ಕೆಳಗಿನ ಮನೆ ಅಕ್ಕ ಕೋಳಿ ತಂದು ಬೇಯಿಸಿ ಕೊಟ್ರು. ಆಮೇಲೆ ಮಗಳ ಬಾಣಂತನಕ್ಕೆ ಅಂತ ಹೊರಟು ನಿಂತ್ರು. ಐವತ್ತು ದಾಟಿದ ಮೇಲೆ ಮೊದಲ ಸಲ ಮಾಂಸ ಮುಟ್ಟಿದೆ. ಹಿಂದಿನ ಬಾಲ್ಕನಿಯಲ್ಲಿ ಕರೆಂಟ್ ಒಲೆ, ಬೇರೆ ಪಾತ್ರೆ, ಬೇರೆ ಚಾಕು. ಮೂಗಿಗೆ ಸೆರಗು ಕಟ್ಕೊಂಡಿದ್ರೂ ಎರಡು ಸಲ ವಾಂತಿ ಆಯ್ತು.

ಡಾಕ್ಟ್ರು ಬರೆದುಕೊಟ್ಟ ಅಳತೆ ಹೇಳ್ತೀನಿ, ಇದು ಮೂರು ದಿನಕ್ಕೆ. ಮೂಳೆ ತೆಗೆದ ಕೋಳಿ ತೊಡೆ ಅರ್ಧ ಕೆಜಿ, ಕೋಳಿ ಹೃದಯ 100 ಗ್ರಾಂ (ಟಾರಿನ್ ಇದರಾಗೆ ಚೆನ್ನಾಗೈತೆ), ಈಲಿ 25 ಗ್ರಾಂ ಮಾತ್ರ, ಜಾಸ್ತಿ ಆದ್ರೆ ಎ ವಿಟಮಿನ್ ವಿಷ ಆಗುತ್ತೆ. ಅರ್ಧ ಲೋಟ ನೀರು ಹಾಕಿ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಿ. ಆ ನೀರು ಚೆಲ್ಲಬೇಡಿ, ಟಾರಿನ್ ಅದಕ್ಕೆ ಇಳಿದಿರುತ್ತೆ. ಮೂಳೆ ಇಲ್ಲದ್ದಕ್ಕೆ ಸುಣ್ಣದಂಶ ಬೇಕಲ್ಲ, ಮೊಟ್ಟೆ ಸಿಪ್ಪೆ ತೊಳೆದು ಹುರಿದು ನುಣ್ಣಗೆ ಪುಡಿ ಮಾಡಿ ಅರ್ಧ ಚಮಚ. ಆರಿದ ಮೇಲೆ ಟಾರಿನ್ ಮತ್ತು ವಿಟಮಿನ್ ಪುಡಿ, ಡಾಕ್ಟ್ರು ಹೇಳಿದಷ್ಟು. ಉಪ್ಪು ಬೇಡ. ಈರುಳ್ಳಿ, ಬೆಳ್ಳುಳ್ಳಿ ಚೂರೂ ಬೀಳಬಾರದು, ಬೆಕ್ಕಿನ ರಕ್ತ ಕೆಡುತ್ತೆ. ಹಳೇ ಊಟಕ್ಕೆ ದಿನಾ ಸ್ವಲ್ಪ ಸ್ವಲ್ಪ ಬೆರೆಸುತ್ತಾ ಹತ್ತು ದಿನದಾಗೆ ಬದಲಾಯಿಸಿ. ಹಸಿದ್ರೆ ತಿನ್ನುತ್ತೆ ಬಿಡು ಅಂತ ಕಾಯಬೇಡಿ, ಎರಡು ಮೂರು ದಿನ ತಿನ್ನದಿದ್ರೆ ಬೆಕ್ಕಿನ ಈಲಿ ಕೆಟ್ಟೋಗುತ್ತೆ. ಇದು ಚುಕ್ಕಿಯ ಕಾಯಿಲೆಗೆ ಕೊಟ್ಟ ಅಳತೆ. ಮೂತ್ರಪಿಂಡದ ತೊಂದರೆ ಇರೋ ಬೆಕ್ಕಿಗೆ ಬೇರೇನೇ ಇರುತ್ತೆ, ಕೇಳಿ ಮಾಡಿ.

ಶಿವರಾತ್ರಿಗೆ ಕುಣಿಗಲ್ಲಿಂದ ನಮ್ಮತ್ತೆ ಬರ್ತಾರೆ ಅಂದಾಗ ಎದೆ ಡವಡವ. ದಿನಾ ಕೈಯಲ್ಲಿ ಇಷ್ಟಲಿಂಗ ಹಿಡಿದು ಪೂಜೆ ಮಾಡೋ ಜೀವ. ಒಲೆ ಮುಚ್ಚಿಡೋಣ ಅಂದ್ಕೊಂಡೆ, ಆದ್ರೆ ಚುಕ್ಕಿ ಊಟ ನಿಲ್ಲಿಸೋಂಗಿಲ್ಲ. ಬಂದ ದಿನವೇ ವಾಸನೆ ಹಿಡಿದ್ರು. ನಾನು ಎಲ್ಲಾ ಹೇಳಿದೆ. ಅವರ ಎರಡೂ ಕಣ್ಣಿಗೆ ಪೊರೆ ಆಪರೇಷನ್ ಆಗೈತೆ. ಚುಕ್ಕಿ ಗೋಡೆಗೆ ಮೀಸೆ ತಾಗಿಸ್ಕೊಂಡು ಓಡಾಡೋದನ್ನ ತುಂಬಾ ಹೊತ್ತು ನೋಡಿದ್ರು. ಕೊನೆಗೆ, "ಆಚಾರ ಹಿಡಿದಿರೋದು ನಾವು. ಅದನ್ನ ಯಾಕೆ ಹಿಡಿಸಿದೆ? ಸ್ನಾನ ಮಾಡಿ ಪೂಜೆಗೆ ಬಾ" ಅಂದ್ರು. ಬೈಗುಳಾನೇ, ಆದ್ರೆ ನನಗೆ ಹಗುರ ಆಯ್ತು.

ನಾಲ್ಕು ತಿಂಗಳಿಗೆ ಮತ್ತೆ ಸ್ಕ್ಯಾನ್ ಮಾಡಿಸಿದ್ವಿ, ಹೃದಯ ಎಷ್ಟೋ ವಾಸಿ. ಏದುಸಿರು ಇಲ್ಲ. ಕಣ್ಣು ಕಾಣಲ್ಲ, ಅದಕ್ಕೇ ಮನೆಯಾಗೆ ಕುರ್ಚಿ, ಮಂಚ ಯಾವುದೂ ಜರುಗಿಸಲ್ಲ. ನೀವು ಬಂದಾಗ ಚಪ್ಪಲಿ ದಾರಿಯಾಗೆ ಬಿಡಬೇಡಿ.

ನಿಮ್ಮ ಮನೆಯಾಗೂ ಹಾಲನ್ನದ ಬೆಕ್ಕು ಇದ್ರೆ, ಇವತ್ತೇ ಅದರ ಕಣ್ಣು ನೋಡಿ. ಬತ್ತೀನಿ, ಬಾಲ್ಕನಿಯಾಗೆ ಪಾತ್ರೆ ಇಟ್ಟು ಬಂದಿದ್ದೀನಿ.